ರತನ್ ಕಹಾರ್ ಅವರ ಹಾಡು ಎಲ್ಲರಿಗೂ ಗೊತ್ತು, ಅವರ ಹೆಸರು ಯಾಕೆ ಗೊತ್ತಿಲ್ಲ?

ಮುಳಬಾಗಿಲು ತಮಟೆ

2020ರಲ್ಲಿ ‘ಗೇಂದಾ ಫೂಲ್’ ಅಂತ ಒಂದು ಹಾಡು ಬಂತಲ್ಲ, ಬಾದ್‌ಶಾ ಹಾಡಿದ್ದು. ಲಾಕ್‌ಡೌನ್ ಶುರುವಾದ ಮಾರನೇ ದಿನ, ಮಾರ್ಚ್ 26ಕ್ಕೆ ಬಿಟ್ಟರು. ಮನೆಯಲ್ಲಿ ಕೂತಿದ್ದ ಜನ ಅದನ್ನೇ ಹಾಕಿಕೊಂಡು ಕುಣಿದರು. ಅದರ ನಡುವೆ ಬಂಗಾಳಿಯ ಎರಡು ಸಾಲು ಬರುತ್ತವೆ. ಸಾಹುಕಾರರ ಮಗಳೇ, ನಿನ್ನ ಉದ್ದ ಕೂದಲಿಗೆ ಕೆಂಪು ಚೆಂಡು ಹೂ ಮುಡಿಸುತ್ತೇನೆ ಅಂತ ಅರ್ಥ. ಇಡೀ ಹಾಡು ನಿಂತಿರೋದೇ ಆ ಎರಡು ಸಾಲಿನ ಮೇಲೆ. ಮಿಕ್ಕಿದ್ದೆಲ್ಲ ಒಗ್ಗರಣೆ.

ಆ ಸಾಲು ಕಟ್ಟಿದವರು ರತನ್ ಕಹಾರ್. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯವರು. ಕಟ್ಟಿದ್ದು 1972ರಲ್ಲಿ. ಪದವೂ ಅವರದ್ದೇ, ಧಾಟಿಯೂ ಅವರದ್ದೇ. 1976ರಲ್ಲಿ ಸ್ವಪ್ನಾ ಚಕ್ರವರ್ತಿ ಅನ್ನೋ ಗಾಯಕಿ ರೆಕಾರ್ಡ್ ಮಾಡಿದರು. ಬಂಗಾಳದ ಮನೆಮನೆಗೂ ಹಾಡು ಹೋಯಿತು. ಕಟ್ಟಿದವರ ಹೆಸರು ಹೋಗಲಿಲ್ಲ. 44 ವರ್ಷದ ಮೇಲೆ ಹಿಂದಿ ಹಾಡು ಬಂದಾಗಲೂ ಅವರ ಹೆಸರಿರಲಿಲ್ಲ. ಬಂಗಾಳಿ ಜಾನಪದ ಅಂತ ಹಾಕಿ ಕೈ ತೊಳೆದುಕೊಂಡಿದ್ದರು. ಬಂಗಾಳದ ಜನ ಗಲಾಟೆ ಮಾಡಿದರು. ಆಮೇಲೆ ಬಾದ್‌ಶಾ 5 ಲಕ್ಷ ರೂಪಾಯಿ ಕಳಿಸಿದರು. 2024ರಲ್ಲಿ ಪದ್ಮಶ್ರೀ ಬಂತು.

ಇದನ್ನು ಈಗ ಯಾಕೆ ತೆಗೆದೆ ಅಂದರೆ, ನಮ್ಮ ತಂಡದಲ್ಲಿ ಹಾಡು ಕಟ್ಟುವ ಅಣ್ಣ ಒಬ್ಬರಿದ್ದಾರೆ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೋಲಾರದ ಕೆರೆಗೆ ಬಿಡುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಶುರುವಾಯಿತಲ್ಲ, ಆಗ ಅವರು ಕೆರೆಯ ಬಗ್ಗೆ ಒಂದು ಹಾಡು ಕಟ್ಟಿದರು. ಊರೂರಲ್ಲಿ ಹಾಡಿದೆವು. ಬೇರೆ ತಂಡದವರೂ ಕಲಿತರು. ಈಗ ಒಂದು ಯೂಟ್ಯೂಬ್ ಚಾನೆಲ್‌ನಲ್ಲಿ ಅದೇ ಹಾಡು ಬಂದಿದೆ. ‘ಕೋಲಾರ ಸೀಮೆಯ ಪ್ರಾಚೀನ ಜಾನಪದ ಗೀತೆ’ ಅಂತ ಹಾಕಿದ್ದಾರೆ. ಅಣ್ಣನ ಹೆಸರಿಲ್ಲ.

ಒಂದೇ ಹಾಡಿನಿಂದ ಹೆಸರಾದವರು ಅಂತ ರತನ್ ಕಹಾರ್ ಬಗ್ಗೆ ಎಲ್ಲ ಕಡೆ ಬರೆಯುತ್ತಾರೆ. ಆ ಒಂದು ಹಾಡಿನಿಂದಲೂ ಅವರಿಗೆ ಹೆಸರು ಸಿಗೋಕೆ ಐವತ್ತು ವರ್ಷ ಹಿಡಿಯಿತು. ನಮ್ಮವರಿಗೂ ಹೀಗೇ ಆಗಬೇಕಾ? ಏನು ಮಾಡಬಹುದು ಹೇಳಿ.

ತಿಪಟೂರು ಕೊಬ್ಬರಿ

ಕೆ.ಸಿ. ವ್ಯಾಲಿ ನೀರಿನ ಬಗ್ಗೆ ಪ್ರಾಚೀನ ಜಾನಪದ ಗೀತೆಯಾ! ನಿಮ್ಮ ಮುತ್ತಜ್ಜಿಯರು ರಾಗಿ ಬೀಸುವಾಗ ‘ಬೆಂಗಳೂರಿಂದ ಪೈಪು ಬಂತವ್ವ’ ಅಂತ ಹಾಡುತ್ತಿದ್ದರೇನೋ. ಹಾಡನ್ನು ಒಂದು ಸಲ ಕೇಳಿದ್ದರೂ ಆ ಚಾನೆಲ್‌ನವರಿಗೆ ಗೊತ್ತಾಗುತ್ತಿತ್ತು.

ಸಿರಾ ಸೀಮೆ

ಅಣ್ಣ, ಕೋಪ ಮಾಡಿಕೊಳ್ಳಬೇಡಿ. ನನ್ನದು ಬೇರೆ ಮಾತು. ನಮ್ಮ ಕಡೆ ಗೊಲ್ಲರಹಟ್ಟಿಗಳಲ್ಲಿ ಅವರ ದೈವ ಜುಂಜಪ್ಪನ ಪದ ಹಾಡುತ್ತಾರೆ. ಗಣೆ ಊದಿಕೊಂಡು ರಾತ್ರಿಯಿಡೀ ಹಾಡುತ್ತಾರೆ. ಕಟ್ಟಿದ್ದು ಯಾರು ಅಂತ ಯಾರೂ ಕೇಳಲ್ಲ. ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ ಬರುತ್ತೆ. ನಾಳೆ ಯಾರೋ ಬಂದು ಇದು ನಮ್ಮ ತಾತ ಕಟ್ಟಿದ್ದು, ಹಾಡಬೇಕಾದರೆ ದುಡ್ಡು ಕೊಡಿ ಅಂದರೆ ಪದವೇ ನಿಂತು ಹೋಗುತ್ತೆ.

ಹಾಡು ಊರಿನದು. ಊರಿಗೆ ಬಿಟ್ಟ ಮೇಲೆ ನನ್ನದು ನಿನ್ನದು ಅನ್ನಬಾರದು. ನಿಮ್ಮ ಅಣ್ಣನ ಹಾಡನ್ನು ಬೇರೆ ತಂಡದವರು ಕಲಿತು ಹಾಡಿದರು ಅಂತ ನೀವೇ ಖುಷಿಯಿಂದ ಹೇಳಿದ್ದೀರಿ. ಚಾನೆಲ್‌ನವರು ಹಾಡಿದರೆ ಮಾತ್ರ ಯಾಕೆ ಬೇಜಾರು?

ಮುಳಬಾಗಿಲು ತಮಟೆ

ಬೇರೆ ತಂಡದವರು ಹಾಡುವ ಮುಂಚೆ ‘ಇದು ಮುಳಬಾಗಿಲು ಕಡೆಯ ಇಂಥವರು ಕಟ್ಟಿದ್ದು’ ಅಂತ ಮೈಕಿನಲ್ಲಿ ಹೇಳುತ್ತಾರೆ. ಚಾನೆಲ್‌ನವರು ಹೇಳಲಿಲ್ಲ. ಅಷ್ಟೇ ವ್ಯತ್ಯಾಸ. ದುಡ್ಡಿನ ಮಾತು ಇನ್ನೂ ಬಂದೇ ಇಲ್ಲ.

ಚಿಂತಾಮಣಿ ಮೇಷ್ಟ್ರು

ಸಿರಾದವರು ಹೇಳಿದ್ದು ಜುಂಜಪ್ಪನ ಪದಕ್ಕೆ ಸರಿ. ಎಲ್ಲಕ್ಕೂ ಸರಿಯಲ್ಲ. ನಮ್ಮ ತಾಲ್ಲೂಕಿನ ಕೈವಾರ ತಾತಯ್ಯನವರನ್ನೇ ತಗೊಳ್ಳಿ. ತೆಲುಗಿನಲ್ಲೂ ಹಾಡಿದ್ದಾರೆ, ಕನ್ನಡದಲ್ಲೂ ಹಾಡಿದ್ದಾರೆ. ಕೋಲಾರ, ಚಿಕ್ಕಬಳ್ಳಾಪುರದ ಭಜನೆ ಮನೆಗಳಲ್ಲಿ ಅಕ್ಷರ ಬಾರದವರೂ ಆ ಪದ ಹಾಡುತ್ತಾರೆ. ಕೊನೆಗೆ ಅಮರನಾರೇಯಣ ಅಂತ ಅಂಕಿತ ಬರುತ್ತೆ. ಅದು ದೇವರ ಹೆಸರು, ನಿಜ. ಆದರೆ ಕೇಳಿದ ತಕ್ಷಣ ಇದು ತಾತಯ್ಯನವರದು ಅಂತ ಎಲ್ಲರಿಗೂ ಗೊತ್ತಾಗುತ್ತೆ. ಶರೀಫರ ಪದಕ್ಕೂ ಹಾಗೇ, ದಾಸರ ಪದಕ್ಕೂ ಹಾಗೇ.

ಅಂದರೆ ಹಾಡು ಊರಿನದಾದರೂ ಕಟ್ಟಿದವರ ಗುರುತು ಜೊತೆಯಲ್ಲೇ ಹೋಗುವ ಏರ್ಪಾಡು ನಮ್ಮಲ್ಲಿ ಮೊದಲಿನಿಂದಲೂ ಇದೆ. ಪುಸ್ತಕ ಬೇಡ, ಕಚೇರಿ ಬೇಡ. ಹಾಡಿದವರ ಬಾಯಲ್ಲೇ ಹೆಸರು ಇರುತ್ತೆ. ರತನ್ ಕಹಾರ್ ಹಾಡಿನಲ್ಲಿ ಅಂಥ ಅಂಕಿತ ಇದ್ದಿದ್ದರೆ 1976ರಲ್ಲೇ ವಿಷಯ ತೀರ್ಮಾನ ಆಗುತ್ತಿತ್ತೇನೋ.

ಡಿಜೆ ಮಾಲೂರು

ಆಗುತ್ತಿರಲಿಲ್ಲ ಮೇಷ್ಟ್ರೇ. ಅಂಕಿತ ಬರೋದು ಕೊನೇ ಚರಣದಲ್ಲಿ. ರೀಮಿಕ್ಸ್ ಮಾಡುವವರು ತಗೊಳ್ಳೋದು ಪಲ್ಲವಿ ಮಾತ್ರ. ನಾನೂ ಅದೇ ಕೆಲಸದವನು, ಅದಕ್ಕೇ ಹೇಳುತ್ತಿದ್ದೇನೆ. ಜಾತ್ರೆಯಲ್ಲಿ ಎಂಟು ಸೆಕೆಂಡಿನ ತುಣುಕು ಸಾಕು, ಜನ ಎದ್ದು ನಿಲ್ಲುತ್ತಾರೆ.

ಚಿಂತಾಮಣಿ ಮೇಷ್ಟ್ರು

ಹಾಗಾದರೆ ಪಲ್ಲವಿಯಲ್ಲೇ ಅಂಕಿತ ಹಾಕುವ ಕಾಲ ಬಂತು ಅನ್ನಿ.

ಬಂಗಾರಪೇಟೆ ಪ್ಯಾಸೆಂಜರ್

ರೈಲ್ವೆ ಕೆಲಸದಲ್ಲಿ ಕೆಲವು ವರ್ಷ ಆಸನ್ಸೋಲ್ ಕಡೆ ಇದ್ದೆ. ಬೀರ್‌ಭೂಮ್ ಪಕ್ಕದ ಜಿಲ್ಲೆ. ಅಲ್ಲಿಯ ಸಂಗತಿ ಗೊತ್ತಿದ್ದಷ್ಟು ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ರತನ್ ಕಹಾರ್ ಅವರನ್ನು ಒಂದೇ ಹಾಡಿನವರು ಅನ್ನೋದು ಆ ಕಡೆಯವರಿಗೆ ನಗು ತರಿಸುತ್ತೆ. ಅವರು ಮುಖ್ಯವಾಗಿ ಭಾದು ಹಾಡುಗಾರರು. ಪದ್ಮಶ್ರೀ ಬಂದದ್ದೂ ಭಾದು ಹಾಡುಗಾರರು ಅಂತಲೇ. ಭಾದ್ರಪದ ಮಾಸದಲ್ಲಿ ಬರುವ ಹಬ್ಬ ಅದು. ಭಾದು ಅಂದರೆ ಒಬ್ಬ ರಾಜಕುಮಾರಿ, ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡವಳು ಅಂತ ಕತೆ. ಅವಳ ಮೂರ್ತಿ ಇಟ್ಟು ತಿಂಗಳು ಪೂರ್ತಿ ಹಾಡುತ್ತಾರೆ, ಕೊನೆಗೆ ನೀರಿಗೆ ಬಿಡುತ್ತಾರೆ. ಹೆಣ್ಣುಮಕ್ಕಳ ಮದುವೆ, ಅತ್ತೆ ಮನೆ, ಬಡತನ ಎಲ್ಲ ಅದರಲ್ಲಿ ಬರುತ್ತೆ. ನಮ್ಮ ಕಡೆ ಗೌರಿ ಹಬ್ಬದ ಹಾಡು ಕೇಳಿದವರಿಗೆ ಹೊಸದು ಅನ್ನಿಸಲ್ಲ. ಪುಷ್ಯ ಮಾಸಕ್ಕೆ ಟುಸು ಹಾಡು, ಸುಗ್ಗಿ ಕಾಲದ್ದು. ಝುಮುರ್ ಅಂತ ಹಾಡು-ಕುಣಿತ ಬೇರೆ ಇದೆ. ಆಲ್ಕಾಪ್ ಅಂತ ಹಾಡು, ನಾಟಕ, ತಮಾಷೆ ಎಲ್ಲ ಸೇರಿದ ಆಟ ಒಂದಿದೆ. ಅದರಲ್ಲಿ ಹುಡುಗರೇ ಹೆಣ್ಣು ವೇಷ ಹಾಕಿ ಕುಣಿಯುತ್ತಾರೆ. ರತನ್ ಇದೆಲ್ಲದರಲ್ಲೂ ಪಳಗಿದವರು. ಆಕಾಶವಾಣಿಯಲ್ಲಿ ಹಾಡಿದ್ದಾರೆ. ಹೊಟ್ಟೆಪಾಡಿಗೆ ಬೀಡಿ ಕಟ್ಟಿದ್ದಾರೆ.

ಇಷ್ಟೆಲ್ಲ ಮಾಡಿದವರ ಬದುಕಿನಲ್ಲಿ ಹೊರಗಿನವರಿಗೆ ಕಂಡದ್ದು ಒಂದೇ ಹಾಡು. ಅದೂ ಎರಡೇ ಸಾಲು. ಹೊರಗಿನ ಕಿವಿಗೆ ಅಷ್ಟು ಸಾಕಾಗಿತ್ತು. ಉಳಿದದ್ದು ಕೇಳುವ ತಾಳ್ಮೆ ನಮಗಿರಲಿಲ್ಲ.

ಇನ್ನೊಂದು ಮಾತು. ಸಾಹುಕಾರರ ಮಗಳೇ ಅಂತ ಕರೆಯುವವರು ಸಾಹುಕಾರರಲ್ಲ ಅನ್ನೋದು ಆ ಹಾಡು ಕೇಳಿದರೇ ತಿಳಿಯುತ್ತೆ. ಹೂ ಮುಡಿಸುವ ಕೈ ಬಡವರದು. ಹಳೇ ರೆಕಾರ್ಡಿನಲ್ಲಿ ಆ ನೋವು ಸ್ವಲ್ಪವಾದರೂ ಉಳಿದಿತ್ತು. ಹೊಸದರಲ್ಲಿ ಜರಿ ಸೀರೆ, ಬೆಳಕು, ಕುಣಿತ. ಚೆಂಡು ಹೂ ಮಾತ್ರ ಉಳಿಯಿತು.

ಗೌರಿಬಿದನೂರು ಅಕ್ಕ

ಪ್ಯಾಸೆಂಜರ್ ಅಣ್ಣ, ಚೆನ್ನಾಗಿ ಬರೆದಿರಿ. ಸ್ವಪ್ನಾ ಚಕ್ರವರ್ತಿ ಅವರು ಬೇಕಂತಲೇ ಹೆಸರು ಬಿಟ್ಟರಾ?

ಬಂಗಾರಪೇಟೆ ಪ್ಯಾಸೆಂಜರ್

ಹಾಡು ತಮ್ಮಿಂದಲೇ ಹೋಯಿತು, ಹೆಸರು ಹಾಕಲಿಲ್ಲ ಅಂತ ರತನ್ ಹೇಳುತ್ತಾರೆ. ಆದರೆ ಆ ಕಾಲದ ರೂಢಿಯನ್ನೂ ನೋಡಬೇಕಮ್ಮ. ನಮ್ಮ ಕ್ಯಾಸೆಟ್ ಕವರುಗಳನ್ನು ನೆನೆಸಿಕೊಳ್ಳಿ. ಗಾಯಕರ ಹೆಸರು ದೊಡ್ಡದಾಗಿ, ಸಂಗೀತ ಇಂಥವರು, ಆಮೇಲೆ ‘ಸಾಹಿತ್ಯ: ಜಾನಪದ’. ಯಾರೂ ಮೋಸ ಮಾಡುತ್ತಿದ್ದೇವೆ ಅಂತ ಅಂದುಕೊಂಡು ಹಾಕಿದ್ದಲ್ಲ. ಹಳ್ಳಿಯಿಂದ ಬಂತು, ಜಾನಪದ ಅಂತ ಹಾಕಿದರು. ಹಳ್ಳಿಯಲ್ಲಿ ಇರುವವನೂ ಕವಿ ಇರಬಹುದು, ಬದುಕಿರಬಹುದು, ಪಕ್ಕದ ಬೀದಿಯಲ್ಲೇ ಬೀಡಿ ಕಟ್ಟುತ್ತಿರಬಹುದು ಅಂತ ಯಾರಿಗೂ ಹೊಳೆಯಲಿಲ್ಲ.

ಸಿರಾ ಸೀಮೆ

ಇದನ್ನು ಒಪ್ಪುತ್ತೇನೆ. ಆದರೂ ಒಂದು ಪ್ರಶ್ನೆ ಉಳಿಯುತ್ತೆ. ರತನ್ ಕಹಾರ್ ಆ ಧಾಟಿಯನ್ನು ಎಲ್ಲಿಂದ ತಂದರು? ಭಾದು, ಝುಮುರ್ ಕೇಳಿ ಕೇಳಿ ಬೆಳೆದ ಕಿವಿ ಅದು. ಊರಿನ ಗಂಟಿನಿಂದ ತೆಗೆದು ಊರಿಗೇ ಕೊಟ್ಟರು. ಅದಕ್ಕೆ ಬೇಲಿ ಹಾಕಬಹುದಾ?

ಕರಿಕೋಟು ತುಮಕೂರು

ತುಮಕೂರಿನಲ್ಲಿ ವಕೀಲಿಕೆ ಮಾಡುತ್ತೇನೆ. ಸಿರಾದವರ ಪ್ರಶ್ನೆ ಸರಿಯಾಗಿದೆ, ಅಲ್ಲಿಂದಲೇ ಶುರು ಮಾಡುತ್ತೇನೆ.

ಹಳೇ ಧಾಟಿಗೆ ಬೇಲಿ ಹಾಕೋಕೆ ಆಗಲ್ಲ. ಅದು ಎಲ್ಲರದು. ಜುಂಜಪ್ಪನ ಪದ ಯಾರು ಬೇಕಾದರೂ ಹಾಡಬಹುದು. ಆದರೆ ಆ ಧಾಟಿಯ ನೆರಳಿನಲ್ಲಿ ಒಬ್ಬ ಮನುಷ್ಯ ಹೊಸ ಪದ ಕಟ್ಟಿದರೆ, ಆ ಪದ ಅವನದು. ಎಲ್ಲ ಕವಿಗಳೂ ಮುಂಚಿನವರಿಂದ ಕಲಿತವರೇ. ಹಳ್ಳಿಯವನಿಗೆ ಮಾತ್ರ ಬೇರೆ ಅಳತೆ ಯಾಕೆ? ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಹಾಡು ಕಟ್ಟಿದ ಕ್ಷಣದಿಂದಲೇ ಹಕ್ಕು ಇರುತ್ತೆ. ನೋಂದಣಿ ಮಾಡಿಸಲೇಬೇಕು ಅಂತಿಲ್ಲ. ಆ ಹಕ್ಕು ಕಟ್ಟಿದವನು ಇರುವಷ್ಟು ಕಾಲ, ಆಮೇಲೆ ಇನ್ನೂ 60 ವರ್ಷ ಮನೆಯವರಿಗೆ.

ಈಗ 5 ಲಕ್ಷದ ವಿಷಯ. ಬಾದ್‌ಶಾ ಹೇಳಿದ್ದು, ಹಿಂದಿನ ರೆಕಾರ್ಡುಗಳಲ್ಲಿ ಹುಡುಕಿದೆವು, ರತನ್ ಕಹಾರ್ ಹೆಸರು ಎಲ್ಲೂ ಇರಲಿಲ್ಲ, ಸಾಂಪ್ರದಾಯಿಕ ಅಂತಲೇ ಇತ್ತು ಅಂತ. ಸುಳ್ಳಲ್ಲ ಅದು. 1976ರಲ್ಲಿ ಬಿಟ್ಟ ಹೆಸರು 2020ರಲ್ಲಿ ಹುಡುಕಿದರೆ ಸಿಗಲ್ಲ. ಒಂದು ಸಲ ಜಾನಪದ ಅಂತ ಮುದ್ರೆ ಬಿದ್ದರೆ ಮುಂದಿನವರೆಲ್ಲ ಆ ಮುದ್ರೆಯನ್ನೇ ಸಾಕ್ಷಿ ಅಂತ ತೋರಿಸುತ್ತಾರೆ. ಅದಕ್ಕೇ ಮೊದಲನೇ ಅಪ್‌ಲೋಡ್‌ನಲ್ಲೇ ಜಗಳ ಆಡಬೇಕು ಅನ್ನೋದು ನನ್ನ ಮಾತು.

ಆ ದುಡ್ಡು ಕೊಟ್ಟದ್ದು ಒಳ್ಳೇದೇ. ಲಾಕ್‌ಡೌನ್ ಕಾಲ, ವಯಸ್ಸಾದವರು, ಕಷ್ಟದಲ್ಲಿದ್ದರು. ಆದರೆ ಅದು ಕೊಡುಗೆ, ಪಾಲು ಅಲ್ಲ. ಕೊಡುಗೆ ಕೊಡುವವರ ಮನಸ್ಸಿಗೆ ಬಿಟ್ಟದ್ದು. ಪಾಲು ಹಾಗಲ್ಲ, ಹಾಡು ಓಡುವಷ್ಟು ದಿನ ಬರಬೇಕು. 2012ರ ತಿದ್ದುಪಡಿ ಬಂದ ಮೇಲೆ ಪದ ಬರೆದವರ, ರಾಗ ಹಾಕಿದವರ ರಾಯಧನದ ಪಾಲನ್ನು ಯಾವ ಒಪ್ಪಂದದಲ್ಲೂ ಬರೆಸಿಕೊಂಡು ಕಿತ್ತುಕೊಳ್ಳೋಕೆ ಆಗಲ್ಲ. ಎಷ್ಟು ಜನ ಕಲಾವಿದರಿಗೆ ಇದು ಗೊತ್ತು?

ತಿಪಟೂರು ಕೊಬ್ಬರಿ

ಮೇಡಂ, ನಮ್ಮ ಕಡೆ ಕಲಾವಿದರಿಗೆ ಮಾಸಾಶನದ ಅರ್ಜಿ ತುಂಬೋಕೇ ಮೂರು ಜನ ಬೇಕು. ರಾಯಧನ ಕೇಳಿ ನೋಡಿ, ರಾಯರು ಯಾರು ಅಂತಾರೆ.

ಡಿಜೆ ಮಾಲೂರು

ಬೀರ್‌ಭೂಮ್ ಜಿಲ್ಲೆಯವರೇ ಇನ್ನೊಬ್ಬರ ಕತೆ ಯಾರೂ ಹೇಳಲಿಲ್ಲ. ‘ಕಚ್ಚಾ ಬಾದಾಮ್’ ನೆನಪಿದೆಯಾ? ಭುವನ್ ಬಾದ್ಯಕರ್. ಸೈಕಲ್ಲಿನಲ್ಲಿ, ಬೈಕಿನಲ್ಲಿ ಕಡಲೆಕಾಯಿ ಮಾರುತ್ತಿದ್ದರು. ಹಳೇ ಕಾಲ್ಗೆಜ್ಜೆ, ಚೈನು, ಕೆಟ್ಟ ಮೊಬೈಲ್ ಕೊಡಿ, ತೂಕಕ್ಕೆ ತೂಕ ಕಡಲೆಕಾಯಿ ಕೊಡ್ತೀನಿ ಅಂತ ಕೂಗುತ್ತಿದ್ದರು. ಆ ಕೂಗನ್ನೇ ಹಾಡು ಮಾಡಿದರು. ಯಾರೋ ಫೋನಿನಲ್ಲಿ ತೆಗೆದು ಹಾಕಿದರು, ರೀಮಿಕ್ಸ್ ಬಂತು, 2022ರ ಶುರುವಿನಲ್ಲಿ ದೇಶ ಬಿಟ್ಟು ಹೊರಗೂ ಜನ ರೀಲ್ಸ್ ಮಾಡಿದರು.

ಇವರ ಹೆಸರು ಯಾರೂ ಬಿಡಲಿಲ್ಲ. ಮುಖ ಎಲ್ಲರಿಗೂ ಗೊತ್ತು. ಒಂದು ಕಂಪನಿ 3 ಲಕ್ಷ ಕೊಟ್ಟಿತು ಅಂತ ಪೇಪರಿನಲ್ಲೂ ಬಂತು. ಆದರೂ 2023ರಲ್ಲಿ ಅವರೇ ಬಂದು ಅಳುತ್ತಿದ್ದರು. ನನ್ನ ಹಾಡು ನಾನೇ ಹಾಡಿ ಹಾಕಿದರೆ ಕಾಪಿರೈಟ್ ಅಂತ ಬರುತ್ತೆ, ಹಾಕೋಕೆ ಆಗ್ತಿಲ್ಲ ಅಂತ.

ಅಂದರೆ ಹೆಸರು ಇದ್ದರೆ ಸಾಕು ಅನ್ನೋದು ಪೂರ್ತಿ ಸರಿಯಲ್ಲ. ರತನ್ ಅವರಿಗೆ ಕಾಗದ ಇರಲಿಲ್ಲ, ಹೆಸರು ಹೋಯಿತು. ಭುವನ್ ಅವರಿಗೆ ಕಾಗದ ಬಂತು, ಹಾಡೇ ಹೋಯಿತು.

ಯೂಟ್ಯೂಬ್‌ಗೆ ಯಾರು ಕಟ್ಟಿದ್ದು ಅನ್ನೋದು ಗೊತ್ತಿಲ್ಲ ಗುರು. ಯಾರು ಮೊದಲು ಕ್ಲೇಮ್ ಹಾಕಿದರು ಅನ್ನೋದು ಮಾತ್ರ ಗೊತ್ತು. ಕಂಪನಿಯವರು ತಮ್ಮ ರೆಕಾರ್ಡನ್ನು ಆ ವ್ಯವಸ್ಥೆಯಲ್ಲಿ ಹಾಕಿಟ್ಟಿರುತ್ತಾರೆ. ಆಮೇಲೆ ಯಾರು ಹಾಡಿದರೂ ಯಂತ್ರ ಹಿಡಿಯುತ್ತೆ. ಕಟ್ಟಿದವನೇ ಹಾಡಿದರೂ ಹಿಡಿಯುತ್ತೆ.

ಕರಿಕೋಟು ತುಮಕೂರು

ಮಾಲೂರಿನ ತಮ್ಮ ಹೇಳಿದ್ದು ಮುಖ್ಯ. ಸಹಿ ಹಾಕುವ ಮುಂಚೆ ಕಾಗದದಲ್ಲಿ ಯಾವ ಹಾಡು, ಯಾವ ಹಕ್ಕು, ಎಷ್ಟು ವರ್ಷ, ಯಾವ ಜಾಗಕ್ಕೆ, ಎಷ್ಟು ದುಡ್ಡು ಅನ್ನೋದು ಇದೆಯಾ ನೋಡಿ. ಹಕ್ಕು ಬಿಟ್ಟುಕೊಡೋದು ಬಾಯಿಮಾತಿನಲ್ಲಿ ನಡೆಯಲ್ಲ, ಬರಹ ಮತ್ತು ಸಹಿ ಬೇಕು. ವರ್ಷ ಬರೆಯದಿದ್ದರೆ 5 ವರ್ಷ ಅಂತಲೇ ಕಾಯ್ದೆ ಲೆಕ್ಕ ಹಾಕುತ್ತೆ. ಜಾಗ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಇದು ಕಲಾವಿದರ ಕಡೆಗೇ ಇರುವ ನಿಯಮ. ಆದರೆ ಕಂಪನಿಯವರು ‘ಶಾಶ್ವತವಾಗಿ, ಪ್ರಪಂಚ ಪೂರ್ತಿ’ ಅಂತ ಬರೆದೇ ತಂದಿರುತ್ತಾರೆ. ಆ ಎರಡು ಮಾತು ಕಂಡರೆ ಪೆನ್ನು ಕೆಳಗಿಡಿ.

ಗೌರಿಬಿದನೂರು ಅಕ್ಕ

ನನ್ನದೊಂದು ಸಂಶಯ. ನಮ್ಮಮ್ಮ ಸೋಬಾನೆ ಹಾಡುತ್ತಾರೆ. ಅವರಮ್ಮನಿಂದ ಕಲಿತದ್ದು. ಕೆಲವು ಕನ್ನಡ, ಕೆಲವು ತೆಲುಗು. ಮದುಮಗಳ ಹೆಸರು, ಬೀಗರ ಊರು ಅಲ್ಲಲ್ಲೇ ಸೇರಿಸುತ್ತಾರೆ. ಬೀಗರನ್ನು ಕಿಚಾಯಿಸುವ ಸಾಲು ಅಲ್ಲೇ ಹುಟ್ಟುತ್ತೆ, ಅಲ್ಲೇ ಮುಗಿಯುತ್ತೆ. ಇದನ್ನು ಅಮ್ಮ ಕಟ್ಟಿದ್ದು ಅನ್ನೋಕೆ ಆಗಲ್ಲ. ಇಲ್ಲಿ ಸಿರಾದವರ ಮಾತೇ ಸರಿ ಅನ್ನಿಸುತ್ತೆ.

ಆದರೆ ಒಂದು ಮದುವೆಯಲ್ಲಿ ವಿಡಿಯೋದವನು ಅಮ್ಮ ಹಾಡಿದ್ದನ್ನು ತೆಗೆದುಕೊಂಡು ಹಿಂದೆ ಕೀಬೋರ್ಡ್ ಸೇರಿಸಿ ಹಾಕಿದ್ದಾನೆ. ಲಕ್ಷಗಟ್ಟಲೆ ಜನ ನೋಡಿದ್ದಾರೆ. ಬೇರೆ ಮದುವೆಯವರೂ ಅದನ್ನೇ ಸ್ಪೀಕರಿನಲ್ಲಿ ಹಾಕುತ್ತಾರೆ. ಅಮ್ಮನನ್ನು ಕರೆಯೋದು ಕಮ್ಮಿ ಆಗಿದೆ. ಮುಂಚೆ ಸೀರೆ, ಎಲೆ ಅಡಿಕೆ, ಬಾಡಿಗೆ ದುಡ್ಡು ಕೊಟ್ಟು ಕರೆದುಕೊಂಡು ಹೋಗುತ್ತಿದ್ದರು. ಈಗ ಅಮ್ಮನ ದನಿಯೇ ಅಮ್ಮನ ಕೆಲಸ ಕಿತ್ತುಕೊಂಡಿದೆ. ಇದಕ್ಕೇನು ಹೇಳುತ್ತೀರಿ?

ಕರಿಕೋಟು ತುಮಕೂರು

ಅಕ್ಕ, ಹಾಡು ಜನಪದವಾದರೂ ಹಾಡಿದ ದನಿ ನಿಮ್ಮಮ್ಮನದು. ಕಾಯ್ದೆಯಲ್ಲಿ ಹಾಡುಗಾರರಿಗೂ ಬೇರೆ ಹಕ್ಕಿದೆ, 50 ವರ್ಷ ಇರುತ್ತೆ. ಕೇಳದೆ ರೆಕಾರ್ಡ್ ಮಾಡಿ ಮಾರಾಟಕ್ಕೆ ಬಳಸೋ ಹಾಗಿಲ್ಲ. ಹಾಡಿದವರು ಯಾರು ಅಂತ ಹೇಳಿಸಿಕೊಳ್ಳುವ ಹಕ್ಕೂ ಇದೆ.

ಸಿರಾ ಸೀಮೆ

ಇದು ನನಗೆ ಗೊತ್ತಿರಲಿಲ್ಲ. ಹಾಗಾದರೆ ಹಟ್ಟಿಗೆ ಬಂದು ಗಣೆ ಪದ ರೆಕಾರ್ಡ್ ಮಾಡಿಕೊಂಡು ಹೋದವರು? ಸಂಶೋಧನೆ ಅಂತ ಬರುತ್ತಾರೆ, ಟೀ ಕುಡಿಯುತ್ತಾರೆ, ರಾತ್ರಿಯೆಲ್ಲ ಹಾಡಿಸುತ್ತಾರೆ. ಪುಸ್ತಕ ಬಂದಾಗ ‘ಸಂಗ್ರಹ’ ಅಂತ ಅವರ ಹೆಸರು. ಹಾಡಿದ ತಾತನ ಹೆಸರು ಇದ್ದರೆ ಕೊನೇ ಪುಟದಲ್ಲಿ.

ಚಿಂತಾಮಣಿ ಮೇಷ್ಟ್ರು

ಎಲ್ಲರೂ ಹಾಗಲ್ಲ. ಪದದ ಕೆಳಗೇ ಹಾಡಿದವರ ಹೆಸರು, ವಯಸ್ಸು, ಊರು ಹಾಕಿದ ಸಂಗ್ರಹಕಾರರೂ ನಮ್ಮಲ್ಲಿದ್ದಾರೆ. ಆದರೆ ನೀವು ಹೇಳಿದ್ದೂ ಸುಳ್ಳಲ್ಲ.

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ರತನ್ ಕಹಾರ್ ಅವರಿಗಿಂತ ಒಂದು ವರ್ಷ ಮುಂಚೆ. ಬಂದ ದಿನ ಎಲ್ಲರೂ ಫೋಟೋ ಹಾಕಿದರು. ಅವರ ತಮಟೆಯ ಒಂದು ವರಸೆಯಾದರೂ ಕೇಳಿ ಗುರುತು ಹಿಡಿಯುವವರು ನಮ್ಮ ಜಿಲ್ಲೆಯಲ್ಲೇ ಎಷ್ಟು ಜನ ಇದ್ದೀರಿ? ನಾನು ಕ್ಲಾಸಿನಲ್ಲಿ ಕೇಳಿದೆ. ಪ್ರಶಸ್ತಿ ಹೆಸರು ಎಲ್ಲರಿಗೂ ಗೊತ್ತಿತ್ತು.

ಅಂತರಗಂಗೆ

ತಡವಾಗಿ ಬಂದೆ. ಕೋಲಾರದವನಾಗಿ ಒಂದು ಮಾತು ಸೇರಿಸಬೇಕು. ನಮ್ಮ ಜಿಲ್ಲೆಯಲ್ಲಿ ಜಾನಪದ ಅಂದರೆ ಹಳೇ ಹಾಡು ಮಾತ್ರ ಅಂತ ಯಾವತ್ತೂ ಇರಲಿಲ್ಲ. ದಲಿತ ಚಳವಳಿ, ಬಂಡಾಯ ಚಳವಳಿ ಜೋರಾಗಿದ್ದಾಗ ಇಲ್ಲಿ ಹಾಡು ಕಟ್ಟಿದವರು, ಹಾಡಿದವರು ಎಷ್ಟೊಂದು ಜನ. ಕೋಟಿಗಾನಹಳ್ಳಿ ರಾಮಯ್ಯ, ಗೊಲ್ಲಹಳ್ಳಿ ಶಿವಪ್ರಸಾದ್, ಪಿಚ್ಚಳ್ಳಿ ಶ್ರೀನಿವಾಸ್. ಪಿಚ್ಚಳ್ಳಿಯವರು ಜಾನಪದ ಅಕಾಡೆಮಿಗೆ ಅಧ್ಯಕ್ಷರೂ ಆಗಿದ್ದರು. ಹಳೇ ಧಾಟಿಗೆ ಆವತ್ತಿನ ಸಿಟ್ಟು ಸೇರಿಸಿ ಹಾಡಿದರು. ಜಾಥಾಗಳಲ್ಲಿ ಹಾಡು ಕಲಿತವರಿಗೆ ಕಟ್ಟಿದವರು ಯಾರು ಅಂತ ಕೇಳೋಕೂ ಪುರುಸೊತ್ತಿರಲಿಲ್ಲ. ಕಟ್ಟಿದವರು ಪಕ್ಕದಲ್ಲೇ ನಡೆಯುತ್ತಿರುತ್ತಿದ್ದರು.

ಆಗ ಹೆಸರು ಬಿಟ್ಟದ್ದು ಬೇರೆ. ಹಾಡಿನ ಕೆಲಸ ನಡೆಯುತ್ತಿತ್ತು. ಯಾರ ವಿರುದ್ಧ ಕಟ್ಟಿದರೋ ಅವರ ಮುಂದೆಯೇ ಹಾಡುತ್ತಿದ್ದರು. ಈಗ ಹೆಸರು ಬಿಡೋದು ಬೇರೆ. ಹೆಸರು ಬಿಟ್ಟರೆ ಜೊತೆಗೆ ಹಾಡಿನ ಹಲ್ಲೂ ಕೀಳಬಹುದು. ಜಾನಪದ ಅಂದ ಮೇಲೆ ಕೇಳುವವರು ಯಾರು, ಎರಡು ಚರಣ ತೆಗೆ, ಡೋಲು ಹಾಕು.

ಮುಳಬಾಗಿಲು ತಮಟೆಯವರೇ, ನಿಮ್ಮ ಅಣ್ಣನ ಹಾಡು ನಾನೂ ಕೇಳಿದ್ದೇನೆ. ಆ ಚಾನೆಲ್‌ನಲ್ಲಿ ಕೊನೇ ಚರಣ ಇದೆಯಾ?

ಮುಳಬಾಗಿಲು ತಮಟೆ

ಇಲ್ಲ. ಅದನ್ನೇ ಹೇಳೋಕೆ ಬಂದೆ.

ಹಾಡಿನಲ್ಲಿ ಮೊದಲು ಕೆರೆ ತುಂಬಿದ ಸಂಭ್ರಮ ಬರುತ್ತೆ. ಕೊಕ್ಕರೆ ಬಂತು, ಕೋಡಿ ಹರಿಯಿತು, ಕೊಳವೆ ಬಾವಿಯಲ್ಲಿ ನೀರು ಮೇಲೆ ಬಂತು. ಕೊನೇ ಚರಣದಲ್ಲಿ ಒಬ್ಬ ಅಜ್ಜಿ ಕೇಳುತ್ತಾಳೆ, ಎರಡು ಸಲ ಸೋಸಿದಿರಿ, ಮೂರನೇ ಸಲ ಯಾವಾಗ ಸೋಸುತ್ತೀರಿ ಅಂತ. ಕೋಲಾರದ ರೈತರು ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಕೇಳುತ್ತಾ ಬಂದಿದ್ದಾರಲ್ಲ, ಅದೇ ಮಾತು. ಹಾಡು ಕಟ್ಟಿದ್ದೇ ಆ ಚರಣಕ್ಕೋಸ್ಕರ. ಚಾನೆಲ್‌ನವರು ಅದನ್ನು ಬಿಟ್ಟು ಕೆರೆ ತುಂಬಿದ್ದು ಮಾತ್ರ ಹಾಕಿದ್ದಾರೆ. ಹಿಂದೆ ಡ್ರೋನ್ ಚಿತ್ರ. ಕೇಳಿದವರು ಸರ್ಕಾರದ ಪ್ರಚಾರದ ಹಾಡು ಅಂದುಕೊಳ್ಳುತ್ತಾರೆ. ಒಬ್ಬರು ಕಾಮೆಂಟಿನಲ್ಲಿ ಹಾಗೇ ಬರೆದೂ ಇದ್ದಾರೆ.

ಅಣ್ಣನಿಗೆ ತೋರಿಸಿದೆ. ಹೆಸರಿಲ್ಲ ಅಂದಾಗ ಸುಮ್ಮನೆ ನಕ್ಕರು. ಅಜ್ಜಿಯ ಚರಣ ಇಲ್ಲ ಅಂದಾಗ ಸಿಟ್ಟು ಬಂತು.

ಬಂಗಾರಪೇಟೆ ಪ್ಯಾಸೆಂಜರ್

ಸಾಹುಕಾರರ ಮಗಳ ಹಾಡಿಗೂ ಆದದ್ದು ಇದೇ ಅಲ್ವಾ!

ಕರಿಕೋಟು ತುಮಕೂರು

ಇಲ್ಲಿ ಕಲಂ 57 ಬರುತ್ತೆ. ಹಕ್ಕು ಯಾರಿಗಾದರೂ ಮಾರಿದ್ದರೂ ಸರಿ, ಇದು ನಾನು ಕಟ್ಟಿದ್ದು ಅಂತ ಹೇಳಿಕೊಳ್ಳುವ ಹಕ್ಕು ಕಟ್ಟಿದವರ ಹತ್ತಿರವೇ ಉಳಿಯುತ್ತೆ. ತಮ್ಮ ಗೌರವಕ್ಕೆ ಕುಂದು ಬರುವ ಹಾಗೆ ಕೃತಿಯನ್ನು ಕತ್ತರಿಸಿದರೆ, ತಿರುಚಿದರೆ ಕೇಳಬಹುದು.

ಮೊದಲು ಕೋರ್ಟು ಗೀರ್ಟು ಬೇಡ. ಹಾಡು ಕಟ್ಟಿದ ಕಾಲದ ಸಾಕ್ಷಿ ಹುಡುಕಿ. ನೋಟ್‌ಬುಕ್, ಕಾರ್ಯಕ್ರಮದ ಕರಪತ್ರ, ಯಾರದಾದರೂ ಫೋನಿನಲ್ಲಿರುವ ಹಳೇ ವಿಡಿಯೋ, ವಾಟ್ಸಾಪ್‌ನಲ್ಲಿ ಕಳಿಸಿದ ಆಡಿಯೋ, ದಿನಾಂಕ ಇರುವುದು ಏನಾದರೂ ಸರಿ. ಚಾನೆಲ್‌ನವರಿಗೆ ಮರ್ಯಾದೆಯಿಂದ ಒಂದು ಇಮೇಲ್ ಬರೆಯಿರಿ. ಹೆಸರು ಹಾಕಿ, ಪ್ರಾಚೀನ ಅನ್ನೋದು ತೆಗೆಯಿರಿ, ಪೂರ್ತಿ ಹಾಡು ಹಾಕಿ ಅಥವಾ ವಿಡಿಯೋ ಇಳಿಸಿ. ಜೊತೆಗೆ ನೋಂದಣಿಗೂ ಅರ್ಜಿ ಹಾಕಿಬಿಡಿ. ಆನ್‌ಲೈನ್‌ನಲ್ಲೇ ಆಗುತ್ತೆ. ಸಾಹಿತ್ಯ, ಸಂಗೀತದ ಕೃತಿಗೆ ಒಂದಕ್ಕೆ 500 ರೂಪಾಯಿ ಶುಲ್ಕ. ಅರ್ಜಿ ಹಾಕಿದ ಮೇಲೆ ಆಕ್ಷೇಪಣೆಗೆ 30 ದಿನ ಬಿಡುತ್ತಾರೆ. ಹಕ್ಕು ಹುಟ್ಟೋದು ನೋಂದಣಿಯಿಂದ ಅಲ್ಲ, ಆದರೆ ನಾಳೆ ಜಗಳ ಆದರೆ ಆ ಕಾಗದ ಕೆಲಸಕ್ಕೆ ಬರುತ್ತೆ. ರೇಡಿಯೋ, ಟಿವಿ, ಆ್ಯಪ್‌ಗಳಲ್ಲಿ ಹಾಡು ಓಡಿದರೆ ಪಾಲು ತಂದುಕೊಡೋಕೆ ಐಪಿಆರ್‌ಎಸ್ ಅಂತ ಸಂಘ ಇದೆ, 1969ರಿಂದ. ಹಾಡು ಬರೆಯುವವರು ಸದಸ್ಯರಾಗಬಹುದು. ಬಾಲಿವುಡ್‌ನವರಿಗೆ ಮಾತ್ರ ಅಂತೇನಿಲ್ಲ.

ತಿಪಟೂರು ಕೊಬ್ಬರಿ

ತಮಾಷೆ ಬಿಟ್ಟು ಒಂದು ಸೇರಿಸುತ್ತೇನೆ. ದಕ್ಷಿಣ ಆಫ್ರಿಕಾದಲ್ಲಿ ಸಾಲೊಮನ್ ಲಿಂಡಾ ಅಂತ ಒಬ್ಬರು 1939ರಲ್ಲಿ ‘ಎಂಬೂಬೆ’ ಅನ್ನೋ ಹಾಡು ರೆಕಾರ್ಡ್ ಮಾಡಿದರು. ಅಮೆರಿಕದವರು ಅದನ್ನು ಆಫ್ರಿಕಾದ ಜಾನಪದ ಅಂದುಕೊಂಡು ತಗೊಂಡರು. 1961ರಲ್ಲಿ ಸಿಂಹ ಮಲಗಿದೆ ಅನ್ನೋ ಇಂಗ್ಲಿಷ್ ಹಾಡಾಗಿ ಅದು ಪ್ರಪಂಚ ಸುತ್ತಿತು. ಲಯನ್ ಕಿಂಗ್ ಸಿನಿಮಾದಲ್ಲೂ ಬಂತು. ಲಿಂಡಾ 1962ರಲ್ಲಿ ಬಡತನದಲ್ಲೇ ತೀರಿಕೊಂಡರು. ಹೆಣ್ಣುಮಕ್ಕಳು ಕೇಸು ಹಾಕಿದ ಮೇಲೆ 2006ರಲ್ಲಿ ರಾಜಿ ಆಯಿತು. ರತನ್ ಅವರಿಗೆ ಬದುಕಿರುವಾಗಲೇ ಸ್ವಲ್ಪ ನ್ಯಾಯ ಸಿಕ್ಕಿತು ಅನ್ನಬೇಕು ಅಷ್ಟೇ.

ಡಿಜೆ ಮಾಲೂರು

ನನ್ನ ಕಡೆಯಿಂದ ಒಂದು. ಫೈಲ್ ಹೆಸರಿನಲ್ಲೇ ಕಟ್ಟಿದವರ ಹೆಸರು ಹಾಕಿ ಕಳಿಸಿ ಅಣ್ಣ. ‘ಕೆರೆ ಸಾಂಗ್ ಫೈನಲ್ ಹೊಸದು’ ಅಂತ ಬರುತ್ತೆ, ನಮಗೆ ಹೇಗೆ ಗೊತ್ತಾಗಬೇಕು? ಹಾಡಿನ ಶುರುವಿನಲ್ಲೇ ಒಂದು ಮಾತು ಹೇಳಿಬಿಡಿ, ಕಟ್ಟಿದವರು ಇಂಥವರು ಅಂತ. ಮೇಷ್ಟ್ರು ಹೇಳಿದ ಅಂಕಿತ ಮೊದಲಿಗೇ ಬರಲಿ. ಅದನ್ನು ಕತ್ತರಿಸಿದರೆ ಕತ್ತರಿಸಿದವರ ಬುದ್ಧಿ ಗೊತ್ತಾಗುತ್ತೆ.

ಗೌರಿಬಿದನೂರು ಅಕ್ಕ

ಅಮ್ಮನ ವಿಡಿಯೋದವನಿಗೆ ಫೋನ್ ಮಾಡಿದೆ. ಹೆಸರು ಹಾಕುತ್ತೇನೆ ಅಕ್ಕ, ನಂಬರೂ ಹಾಕಲಾ, ಮದುವೆಗೆ ಕರೆಯುವವರು ಕರೆಯಲಿ ಅಂದ. ಅಮ್ಮನಿಗೆ ನಂಬರು ಹಾಕೋದು ಇಷ್ಟವಿಲ್ಲ. ನನ್ನದು ಹಾಕಿಸಿದ್ದೇನೆ.

ಸಿರಾ ಸೀಮೆ

ಒಳ್ಳೇದಾಯಿತು. ಜುಂಜಪ್ಪನ ಪದಕ್ಕೆ ಒಡೆಯರಿಲ್ಲ ಅನ್ನೋ ನನ್ನ ಮಾತಿನಲ್ಲಿ ಬದಲಾವಣೆ ಇಲ್ಲ. ಆದರೆ ನಮ್ಮ ಹಟ್ಟಿಯ ಗಣೆ ತಾತನ ಹೆಸರು ರೆಕಾರ್ಡಿನಲ್ಲಿ ಇರಬೇಕು ಅಂತ ಈ ಸಲ ಜಾತ್ರೆ ಸಭೆಯಲ್ಲಿ ಕೇಳುತ್ತೇನೆ.

ಮುಳಬಾಗಿಲು ತಮಟೆ

ಚಾನೆಲ್‌ನವರು ಉತ್ತರ ಕೊಟ್ಟರು. ವಿವರದಲ್ಲಿ ಅಣ್ಣನ ಹೆಸರು ಹಾಕಿದ್ದಾರೆ, ಅದೂ ತಪ್ಪು ಕಾಗುಣಿತದಲ್ಲಿ. ‘ಪ್ರಾಚೀನ’ ತೆಗೆದಿದ್ದಾರೆ, ‘ಜಾನಪದ’ ಹಾಗೇ ಇದೆ. ಕೊನೇ ಚರಣದ ಬಗ್ಗೆ ಮಾತಿಲ್ಲ. ವಿಡಿಯೋ ಉದ್ದ ಆದರೆ ಜನ ನೋಡಲ್ಲ ಅಂತ ಒಂದು ಸಾಲು ಬರೆದಿದ್ದಾರೆ. ಮೇಡಂ, ಇನ್ನೊಂದು ಸಲ ಬರೆಯಲಾ, ಅಥವಾ ನಾವೇ ಪೂರ್ತಿ ಹಾಡು ಹಾಕಿಬಿಡೋಣವಾ?

ಕರಿಕೋಟು ತುಮಕೂರು

ಎರಡೂ ಮಾಡಿ. ಪೂರ್ತಿ ಹಾಡು ಮೊದಲು ಹಾಕಿ, ಅಜ್ಜಿಯ ಚರಣದಿಂದಲೇ ಶುರು ಮಾಡಿದರೂ ತಪ್ಪಿಲ್ಲ. ಅದರ ಲಿಂಕ್ ಹಾಕಿ ಅವರಿಗೆ ಎರಡನೇ ಇಮೇಲ್ ಕಳಿಸಿ. ಕಳಿಸುವ ಮುಂಚೆ ನನಗೊಂದು ಸಲ ತೋರಿಸಿ, ಅಣ್ಣನ ಸಹಿ ಇರಲಿ.